ಯಾವ ಗಂಟಿಗೆ ಯಾವ ಸ್ಕ್ಯಾನ್: ಕ್ಯಾನ್ಸರ್ ಪತ್ತೆಯ ಚಿತ್ರಣ ವಿಧಾನಗಳು

ಕಾಪು ಅಥವಾ ಕಾರ್ಕಳದ ಕಡೆ ಯಾರಿಗಾದರೂ ಗಂಟು ಕಾಣಿಸಿಕೊಂಡಿತು, ಬಾಯಿಹುಣ್ಣು ಮಾಯುತ್ತಿಲ್ಲ ಎಂದಾದರೆ ಮನೆಯಲ್ಲಿ ಮೊದಲು ಬರುವ ಮಾತು, “ಮಣಿಪಾಲಕ್ಕೆ ಹೋಗಿ ಒಂದು ಸ್ಕ್ಯಾನ್ ಮಾಡಿಸುವ.” ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದ, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಾಗಿಲು ತೆರೆದ ಗುಡ್ಡ ಅದು. ಅಲ್ಲಿನ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆಗೆ ಉಡುಪಿ ಜಿಲ್ಲೆಯವರಷ್ಟೇ ಅಲ್ಲ, ಘಟ್ಟದ ಮೇಲಿನವರೂ ಬರುತ್ತಾರೆ. ಉಡುಪಿಯಿಂದ ಅಲ್ಲಿಗೆ ಐದು ಕಿಲೋಮೀಟರ್. ಕಾರ್ಕಳದವರು ಒಂದು ಗಂಟೆಯಲ್ಲಿ ಬಂದು ಸೇರುತ್ತಾರೆ.

ಆದರೆ ಯಾವ ಸ್ಕ್ಯಾನ್, ಏನನ್ನು ತಿಳಿಯಲು ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಸಿಟಿ, ಎಂಆರ್‌ಐ, ಪೆಟ್ ಎಂಬುವು ಒಂದಕ್ಕಿಂತ ಒಂದು ದೊಡ್ಡ, ಒಂದಕ್ಕಿಂತ ಒಂದು ದುಬಾರಿ ಯಂತ್ರಗಳೆಂದೂ, ಆದ್ದರಿಂದ ಕೊನೆಯದೇ ಎಲ್ಲಕ್ಕಿಂತ ಒಳ್ಳೆಯದೆಂದೂ ಜನ ತಿಳಿದಿದ್ದಾರೆ. ಹಾಗಿಲ್ಲ. ಒಂದೊಂದು ಯಂತ್ರ ಒಂದೊಂದು ಪ್ರಶ್ನೆಗೆ ಉತ್ತರಿಸುತ್ತದೆ. ಪ್ರಶ್ನೆ ತಪ್ಪಿದರೆ ಎಷ್ಟು ದುಬಾರಿ ಸ್ಕ್ಯಾನ್ ಆದರೂ ದುಡ್ಡು ದಂಡ.

ಮೊದಲ ಪತ್ತೆ ಯಂತ್ರದ್ದಲ್ಲ

ಭಾರತದ ಗಂಡಸರಲ್ಲಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್, ಹೆಂಗಸರಲ್ಲಿ ಸ್ತನದ್ದು. ಕರಾವಳಿಯಲ್ಲಿ ಎಲೆ ಅಡಿಕೆ ಇಲ್ಲದ ಮದುವೆಯೂ ಇಲ್ಲ, ದೈವದ ಕೋಲವೂ ಇಲ್ಲ. ತಟ್ಟೆಯಲ್ಲಿಟ್ಟು ಗೌರವಿಸುವುದು ಒಂದು, ದಿನವಿಡೀ ಹೊಗೆಸೊಪ್ಪು ಸೇರಿಸಿ ದವಡೆಯಲ್ಲಿಟ್ಟುಕೊಳ್ಳುವುದು ಇನ್ನೊಂದು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮೊದಲ ವರ್ಗದ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಅಡಿಕೆ ತೋಟದವರಿಗೆ ಇದು ಹಿತವಾದ ಸುದ್ದಿಯಲ್ಲ, ಆದರೂ ಹೇಳದೆ ವಿಧಿಯಿಲ್ಲ.

ಬಾಯಿಯ ಕ್ಯಾನ್ಸರನ್ನು ಮೊದಲು ಕಾಣುವುದು ಟಾರ್ಚ್ ಬೆಳಕಿನಲ್ಲಿ, ಸ್ಕ್ಯಾನ್‌ನಲ್ಲಲ್ಲ. ಕೆನ್ನೆಯ ಒಳಭಾಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇವನ್ನು ದಂತವೈದ್ಯರೋ ತರಬೇತಾದ ಆರೋಗ್ಯ ಕಾರ್ಯಕರ್ತೆಯೋ ಕಣ್ಣಿನಿಂದಲೇ ಗುರುತಿಸಬಲ್ಲರು. ನೆರೆಯ ಕೇರಳದ ತಿರುವನಂತಪುರದಲ್ಲಿ ಸುಮಾರು ಎರಡು ಲಕ್ಷ ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಹೀಗೆ ಬಾಯಿ ನೋಡುವುದರಿಂದಲೇ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು.

ಸ್ತನದ ಕತೆಯೂ ಹೆಚ್ಚು ಕಡಿಮೆ ಅದೇ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದ್ದರಿಂದಲೇ 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿದಿತ್ತು. ಸರಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಆಗಬೇಕಿರುವುದು ಇದೇ ಲೆಕ್ಕಾಚಾರದ ಮೇಲೆ. ಗರ್ಭಕಂಠಕ್ಕೆ ಆ ಹಂತದಲ್ಲಿ ಸ್ಕ್ಯಾನ್ ಏನೂ ಪ್ರಯೋಜನವಿಲ್ಲ. ವಿನೆಗರ್ ದ್ರಾವಣ ಹಚ್ಚಿ ನೋಡುವ ಪರೀಕ್ಷೆ, ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಗಳೇ ಬೇಕು.

ಸಂಶಯ ಹುಟ್ಟಿದ ಮೇಲೆ ಯಂತ್ರದ ಸರದಿ.

ಎಕ್ಸ್‌ರೇಯಿಂದ ಸಿಟಿಗೆ

ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರಂದು ಕಂಡ ಕಿರಣವೇ ಇಂದಿಗೂ ಆಸ್ಪತ್ರೆಯ ಮೊದಲ ಚಿತ್ರ. ಕೆಮ್ಮು ನಿಲ್ಲದವರಿಗೆ ಎದೆಯ ಎಕ್ಸ್‌ರೇ ಬರೆಯುತ್ತಾರೆ. ದವಡೆಯ ಎಲುಬನ್ನು ಬಾಯಿಯ ಗೆಡ್ಡೆ ಕೊರೆದಿದೆಯೇ ಎಂದು ಸ್ಥೂಲವಾಗಿ ನೋಡಲು ಮುಖದ ಸುತ್ತ ಸುತ್ತುವ ಓಪಿಜಿ ಯಂತ್ರವಿದೆ. ಎಕ್ಸ್‌ರೇಯ ಮಿತಿ ಏನೆಂದರೆ ಅದು ಎಲ್ಲವನ್ನೂ ಒಂದರ ಮೇಲೊಂದು ಬಿದ್ದ ನೆರಳಾಗಿ ತೋರಿಸುತ್ತದೆ. ಪಕ್ಕೆಲುಬಿನ ಅಥವಾ ಹೃದಯದ ಹಿಂದೆ ಅಡಗಿದ ಸಣ್ಣ ಗೆಡ್ಡೆ ತಪ್ಪಿಸಿಕೊಳ್ಳಬಹುದು.

ಈ ತೊಡಕನ್ನು ಬಿಡಿಸಿದ್ದು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರು ವೈದ್ಯರಲ್ಲ, ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾಗಿದ್ದ ಇಎಂಐ ಕಂಪೆನಿಯ ಎಂಜಿನಿಯರ್. 1971ರ ಅಕ್ಟೋಬರ್ 1ರಂದು ಲಂಡನ್‌ನಲ್ಲಿ ಒಬ್ಬ ಮಹಿಳೆಯ ಮೆದುಳಿನ ಸಿಟಿ ತೆಗೆದರು, ಗೆಡ್ಡೆ ಕಂಡಿತು. 1979ರಲ್ಲಿ ಅಲನ್ ಕಾರ್ಮಾಕ್ ಜೊತೆ ನೊಬೆಲ್ ಬಂತು. ಇಡೀ ಹಲಸಿನಹಣ್ಣಿನ ನೆರಳನ್ನು ಗೋಡೆಯ ಮೇಲೆ ನೋಡುವುದಕ್ಕೂ ಅದನ್ನು ಹೋಳು ಹೋಳು ಮಾಡಿ ಒಳಗಿನ ತೊಳೆ, ಬೀಜ ನೋಡುವುದಕ್ಕೂ ಇರುವ ವ್ಯತ್ಯಾಸವೇ ಎಕ್ಸ್‌ರೇಗೂ ಸಿಟಿಗೂ ಇದೆ. ಪ್ರತಿ ಬಿಂದುವಿಗೂ ಸಿಟಿ ಒಂದು ಅಂಕಿ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು. ಗಂಟಿನೊಳಗೆ ಕೊಬ್ಬಿದೆಯೋ ನೀರಿದೆಯೋ ಮಾಂಸವಿದೆಯೋ ಎಂಬ ಮೊದಲ ಅಂದಾಜು ಈ ಅಂಕಿಯಿಂದ ಸಿಗುತ್ತದೆ.

ಶ್ವಾಸಕೋಶ, ಹೊಟ್ಟೆ, ಕುತ್ತಿಗೆಯ ಗ್ರಂಥಿಗಳಿಗೆ ಸಿಟಿಯೇ ಮುಖ್ಯ. ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ ಬಿಟ್ಟಾಗ ಮೈ ಒಮ್ಮೆ ಬೆಚ್ಚಗಾಗುತ್ತದೆ, ಮೂತ್ರ ಹೋಯಿತೇನೋ ಎನಿಸುತ್ತದೆ. ಗಾಬರಿ ಬೇಡ, ಅರೆ ನಿಮಿಷದ ಮಾತು. ಈ ಔಷಧಿ ಮೂತ್ರಪಿಂಡದ ಮೂಲಕ ಹೊರಹೋಗಬೇಕಾದ್ದರಿಂದ ಮುಂಚೆ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ.

ಎಲೆ ಅಡಿಕೆ ನಾಡಿಗೆ ಹೇಳಿ ಮಾಡಿಸಿದಂಥ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಅಡಿಕೆ ಇಟ್ಟುಕೊಳ್ಳುವ ಜಾಗವೆಂದರೆ ಕೆನ್ನೆ ಮತ್ತು ವಸಡಿನ ನಡುವಿನ ಸಂದು. ಕ್ಯಾನ್ಸರ್ ಹುಟ್ಟುವುದೂ ಅಲ್ಲಿಯೇ. ಸಾಮಾನ್ಯ ಸಿಟಿಯಲ್ಲಿ ಕೆನ್ನೆ ವಸಡಿಗೆ ಅಂಟಿಕೊಂಡಿರುವುದರಿಂದ ಗೆಡ್ಡೆ ಯಾವುದಕ್ಕೆ ಸೇರಿದ್ದೆಂದು ತಿಳಿಯುವುದಿಲ್ಲ. ಅದಕ್ಕೆ ತಂತ್ರಜ್ಞರು ರೋಗಿಗೆ ಕೆನ್ನೆ ಉಬ್ಬಿಸಿ ಹಿಡಿದುಕೊಳ್ಳಲು ಹೇಳುತ್ತಾರೆ. ಬಲೂನು ಊದುವಾಗ ಮಾಡುವಂತೆ ಬಾಯಿ ಮುಚ್ಚಿ ಗಾಳಿ ತುಂಬಿಸಿ ಕೆಲವು ಸೆಕೆಂಡು ಅಲುಗದೆ ಇದ್ದರೆ, ನಡುವೆ ಕಪ್ಪಗೆ ಗಾಳಿ ಕಂಡು ಎರಡೂ ಬೇರೆಬೇರೆಯಾಗುತ್ತವೆ. ಶಸ್ತ್ರಚಿಕಿತ್ಸಕರು ದವಡೆ ಎಲುಬನ್ನು ಉಳಿಸಬಹುದೇ, ತೆಗೆಯಬೇಕೇ ಎಂದು ತೀರ್ಮಾನಿಸಲು ಈ ಒಂದು ಚಿತ್ರ ಬಹಳ ನೆರವಾಗುತ್ತದೆ. ಬಾಯಿ ಬಿಗಿತವಿರುವವರಿಗೆ ಕೆನ್ನೆ ಉಬ್ಬಿಸುವುದು ಕಷ್ಟ, ಹಾಗಾಗಿ ಸ್ಕ್ಯಾನ್‌ಗೆ ಮೊದಲು ಎರಡು ಮೂರು ಸಲ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಮ್ಯಾಮೊಗ್ರಾಂ

ಇದು ಸ್ತನಕ್ಕೆಂದೇ ಮಾಡಿದ ಕಡಿಮೆ ಶಕ್ತಿಯ ಎಕ್ಸ್‌ರೇ. ಎರಡು ಹಲಗೆಗಳ ನಡುವೆ ಸ್ತನವನ್ನು ಒತ್ತಿ ಹಿಡಿದು, ಒಂದೊಂದಕ್ಕೆ ಮೇಲಿನಿಂದೊಂದು, ಓರೆಯಾಗಿ ಒಂದು ಚಿತ್ರ ತೆಗೆಯುತ್ತಾರೆ. ಒತ್ತುವಾಗ ನೋವಾಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಒತ್ತಿದಷ್ಟೂ ಚಿತ್ರ ಸ್ಪಷ್ಟ, ವಿಕಿರಣವೂ ಕಡಿಮೆ. ಮುಟ್ಟಿಗೆ ಮುಂಚಿನ ವಾರ ಬಿಟ್ಟು, ಮುಟ್ಟು ಮುಗಿದ ವಾರ ಹೋದರೆ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬಾರದು. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಾಣುತ್ತವೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ಅಂಥ ಸುಣ್ಣದ ಚುಕ್ಕೆಗಳ ಗುಂಪೇ ಕೆಲವೊಮ್ಮೆ ಕ್ಯಾನ್ಸರಿನ ಮೊಟ್ಟಮೊದಲ ಸುಳಿವು, ಕೈಗೆ ಗಂಟು ಸಿಗುವುದಕ್ಕೂ ಎಷ್ಟೋ ಮೊದಲು.

ವರದಿಯ ಕೊನೆಗೆ ಬೈರಾಡ್ಸ್ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ಅದನ್ನು ನೋಡಿ ಕಂಗಾಲಾಗುವವರು ಬಹಳ. 0 ಎಂದರೆ ಇನ್ನಷ್ಟು ಚಿತ್ರ ಬೇಕು, 1 ಏನೂ ಇಲ್ಲ, 2 ಕ್ಯಾನ್ಸರ್ ಅಲ್ಲದ ಬದಲಾವಣೆ, 3 ಬಹುಪಾಲು ನಿರಪಾಯ ಆದರೆ ಕೆಲವು ತಿಂಗಳ ನಂತರ ಮತ್ತೆ ನೋಡಬೇಕು, 4 ಮತ್ತು 5 ಬಯಾಪ್ಸಿ ಬೇಕು. 6 ಬರೆಯುವುದು ಕ್ಯಾನ್ಸರ್ ಈಗಾಗಲೇ ದೃಢಪಟ್ಟಿದ್ದರೆ ಮಾತ್ರ. ಈ ಸಂಖ್ಯೆಗೂ ಕ್ಯಾನ್ಸರಿನ ಹಂತಕ್ಕೂ ಸಂಬಂಧವಿಲ್ಲ. ಬೈರಾಡ್ಸ್ 4 ಎಂದು ಓದಿ ನಾಲ್ಕನೇ ಸ್ಟೇಜ್ ಎಂದು ಅಳುವುದು ಬೇಡ.

ವಯಸ್ಸು ಚಿಕ್ಕದಿದ್ದಷ್ಟೂ ಸ್ತನದ ಗ್ರಂಥಿಭಾಗ ದಟ್ಟ. ಚಿತ್ರದಲ್ಲಿ ಅದೂ ಬಿಳಿ, ಗೆಡ್ಡೆಯೂ ಬಿಳಿ. ಆದ್ದರಿಂದ 30ರ ಒಳಗಿನವರಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಂ ಬದಲು ಅಲ್ಟ್ರಾಸೌಂಡ್ ಮೊದಲು ಮಾಡುತ್ತಾರೆ. ಶಿಬಿರಗಳಲ್ಲಿ ಈಚೆಗೆ ಶಾಖ ಅಳೆಯುವ ಕ್ಯಾಮೆರಾಗಳೂ ಬಂದಿವೆ. ನೋವಿಲ್ಲ, ಮುಟ್ಟುವುದಿಲ್ಲ ಎಂಬುದು ಆಕರ್ಷಣೆ. ಆದರೆ ಅವು ಮ್ಯಾಮೊಗ್ರಾಂಗೆ ಬದಲಿ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ನನ್ನ ಅಭಿಪ್ರಾಯವೂ ಅದೇ.

ಅಲ್ಟ್ರಾಸೌಂಡ್

“ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ” ಎಂಬ ಬೋರ್ಡು ಕಂಡಲ್ಲೆಲ್ಲ ಈ ಯಂತ್ರವಿದೆ ಎಂದು ತಿಳಿಯಿರಿ. 1994ರ ಕಾಯ್ದೆಯ ಪ್ರಕಾರ ಅದು ಕಡ್ಡಾಯ. ಗ್ಲಾಸ್ಗೊದ ಇಯನ್ ಡೊನಾಲ್ಡ್ 1958ರಲ್ಲಿ ಶಬ್ದದ ಅಲೆಗಳಿಂದ ಹೊಟ್ಟೆಯೊಳಗಿನ ಗೆಡ್ಡೆಗಳನ್ನು ತೋರಿಸಿದಾಗ ನಂಬಿದವರು ಕಡಿಮೆ. ಇಂದು ಕಾರ್ಕಳದಂಥ ಊರಿನಲ್ಲೇ ಸಿಗುವ, ವಿಕಿರಣವಿಲ್ಲದ, ಅಗ್ಗದ ಪರೀಕ್ಷೆ ಇದು. ಗಂಟಿನೊಳಗೆ ನೀರೋ ಮಾಂಸವೋ ಎಂದು ತಕ್ಷಣ ಹೇಳಬಲ್ಲದು. ಥೈರಾಯ್ಡ್, ಪಿತ್ತಜನಕಾಂಗ, ಅಂಡಾಶಯ, ಕುತ್ತಿಗೆಯ ಗ್ರಂಥಿಗಳಿಗೆ ಮೊದಲ ಆಯ್ಕೆ. ಗಾಳಿ ಮತ್ತು ಎಲುಬನ್ನು ದಾಟದು, ಹಾಗಾಗಿ ಶ್ವಾಸಕೋಶದ ಒಳಭಾಗ ಕಾಣದು. ಹಿಡಿದವರ ಕೈಚಳಕದ ಮೇಲೆ ಫಲಿತಾಂಶ ನಿಂತಿರುತ್ತದೆ.

ಎಂಆರ್‌ಐ: ಕರಿಮಣಿ ತೆಗೆಯಲೇಬೇಕು

ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಅಯಸ್ಕಾಂತವಿದೆ. ನಮ್ಮ ಮೈಯಲ್ಲಿರುವ ನೀರಿನ ಜಲಜನಕದ ಕಣಗಳನ್ನು ಅಯಸ್ಕಾಂತದಿಂದ ಸಾಲಾಗಿ ನಿಲ್ಲಿಸಿ, ರೇಡಿಯೊ ಅಲೆಯಿಂದ ಅಲುಗಿಸಿ, ಅವು ಮತ್ತೆ ಸ್ವಸ್ಥಾನಕ್ಕೆ ಮರಳುವಾಗ ಕೊಡುವ ಸಂಕೇತವನ್ನು ಚಿತ್ರವಾಗಿಸುತ್ತಾರೆ. ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ಇದಕ್ಕೆ ನೊಬೆಲ್ ಸಿಕ್ಕಿತು. ಮೃದು ಅಂಗಾಂಶಗಳನ್ನು ಬಿಡಿಸಿ ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಮೆದುಳು, ಬೆನ್ನುಹುರಿ, ನಾಲಿಗೆ, ಗುದನಾಳ, ಪ್ರಾಸ್ಟೇಟ್, ಗರ್ಭಕಂಠ ಇವುಗಳಲ್ಲಿ ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಅಂಗವನ್ನು ಮುಟ್ಟಿದೆಯೇ ಎಂಬುದೆಲ್ಲ ಗೊತ್ತಾಗುವುದು ಇದರಿಂದ. ಗರ್ಭಕಂಠ ಕ್ಯಾನ್ಸರಿನ ಹಂತವನ್ನು ಬಹುಕಾಲ ವೈದ್ಯರ ಕೈಪರೀಕ್ಷೆಯಿಂದಲೇ ನಿರ್ಧರಿಸುತ್ತಿದ್ದರು. 2018ರಲ್ಲಿ ಅಂತಾರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟ ನಿಯಮ ಬದಲಿಸಿ ಸ್ಕ್ಯಾನ್‌ನಲ್ಲಿ ಕಂಡದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಸಾಮಾನ್ಯ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು, ಮತ್ತು ಅದು ಸದಾ ಚಾಲೂ ಇರುತ್ತದೆ, ಸ್ಕ್ಯಾನ್ ನಡೆಯದಿದ್ದಾಗಲೂ. 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಕಡೆಯವರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಕೋಣೆಯೊಳಗೆ ಹೋಗಿ, ಯಂತ್ರ ಅದನ್ನು ಸೆಳೆದುಕೊಂಡಾಗ ಪ್ರಾಣ ಕಳೆದುಕೊಂಡರು. ಹೊರಗಿನ ಕೋಣೆಯಲ್ಲಿ ಉಂಗುರ, ಬಳೆ, ಹೇರ್‌ಪಿನ್, ಸೇಫ್ಟಿಪಿನ್ ಎಲ್ಲ ತೆಗೆಸುತ್ತಾರೆ. ಕರಿಮಣಿ ಸರ ತೆಗೆಯಲು ನಮ್ಮ ಕಡೆಯ ಹೆಂಗಸರು ಹಿಂಜರಿಯುವುದುಂಟು. “ಇದು ಚಿನ್ನ ಅಲ್ವಾ ಮೇಡಂ, ಚಿನ್ನ ಅಂಟ್ಕೊಳ್ಳುದಿಲ್ವಲ್ಲ?” ಎಂದು ವಾದಿಸುವವರೂ ಇದ್ದಾರೆ. ಚಿನ್ನ ಅಂಟುವುದಿಲ್ಲ ಎಂಬುದು ನಿಜ. ಆದರೆ ಕೊಕ್ಕೆ, ತಂತಿಯಲ್ಲಿ ಬೇರೆ ಲೋಹವಿರಬಹುದು, ಬಿಸಿಯಾಗಬಹುದು, ಕುತ್ತಿಗೆಯ ಚಿತ್ರವನ್ನೂ ಕೆಡಿಸುತ್ತದೆ. ಬಿಗಿಯಾಗಿ ಕೂತ ಮೂಗುತಿಯಿದ್ದರೆ ಹಿಂದಿನ ದಿನವೇ ಬಿಡಿಸಿಟ್ಟುಕೊಂಡು ಬರುವುದು ಲೇಸು. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮೈಯೊಳಗೆ ಹಾಕಿದ ಕ್ಲಿಪ್ಪು, ರಾಡುಗಳ ಬಗ್ಗೆ ಕೇಳದಿದ್ದರೂ ಹೇಳಿ.

ಪೆಟ್-ಸಿಟಿ: ಸಕ್ಕರೆಯ ಹಾದಿ ಹಿಡಿದು

ಇದುವರೆಗಿನವು ಆಕಾರ ತೋರಿಸುವ ಯಂತ್ರಗಳು. ಪೆಟ್ ತೋರಿಸುವುದು ಜೀವಕೋಶಗಳ ಚಟುವಟಿಕೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ವಿಪರೀತ ಸೆಳೆದುಕೊಳ್ಳುತ್ತವೆ ಎಂದು ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಸಕ್ಕರೆಯಂಥ ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಜೋಡಿಸಿ ರಕ್ತಕ್ಕೆ ಬಿಟ್ಟರೆ, ಅದು ಎಲ್ಲೆಲ್ಲಿ ಸೇರಿತೋ ಅಲ್ಲಲ್ಲಿ ಹೊಳೆಯುತ್ತದೆ. ಎಫ್‌ಡಿಜಿ ಎಂಬ ಈ ಔಷಧಿಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ.

ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅಂದರೆ ಹೆಚ್ಚು ಕಡಿಮೆ ಎರಡು ಗಂಟೆಗೊಮ್ಮೆ ಅದರ ಶಕ್ತಿ ಅರ್ಧವಾಗುತ್ತ ಹೋಗುತ್ತದೆ. ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರದಲ್ಲಿ ತಯಾರಾಗಬೇಕಾದ ಇದನ್ನು ಬೆಂಗಳೂರಿನಿಂದ ರಸ್ತೆಯಲ್ಲಿ ಎಂಟು ಗಂಟೆ ಸಾಗಿಸಿದರೆಂದು ಲೆಕ್ಕ ಹಾಕಿ ನೋಡಿ: ಹೊರಡುವಾಗ 100 ಪಾಲು ಇದ್ದದ್ದು ಮಣಿಪಾಲ ತಲಪುವಾಗ 5 ಪಾಲು ಉಳಿದಿರುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಪೆಟ್ ಪರೀಕ್ಷೆ ದುಬಾರಿಯಾಗಿರುವುದಕ್ಕೂ ಕೊಟ್ಟ ಸಮಯಕ್ಕೆ ಸರಿಯಾಗಿ ಬನ್ನಿ ಎಂದು ಆಸ್ಪತ್ರೆಯವರು ಒತ್ತಿ ಹೇಳುವುದಕ್ಕೂ ಇದೇ ಕಾರಣ. ತಡವಾಗಿ ಬಂದವರಿಗಾಗಿ ಔಷಧಿ ಕಾಯುವುದಿಲ್ಲ. ಮಣಿಪಾಲದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿದೆ, ಈ ಕೆಲಸದ ತಂತ್ರಜ್ಞರನ್ನು ತಯಾರಿಸುವ ಪದವಿ ಕೋರ್ಸೂ ಇದೆ.

ಪರೀಕ್ಷೆಗೆ ಮುನ್ನ ನಾಲ್ಕರಿಂದ ಆರು ಗಂಟೆ ಉಪವಾಸ, ನೀರು ಕುಡಿಯಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಮಾತಿಲ್ಲದೆ, ಅಲುಗಾಡದೆ ಕೂರಬೇಕು. ಹೆಚ್ಚು ಮಾತಾಡಿದರೆ ಗಂಟಲಿನ ಸ್ನಾಯುಗಳೇ ಸಕ್ಕರೆ ಎಳೆದುಕೊಂಡು ಹೊಳೆಯುತ್ತವೆ.

ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮೆದುಳು, ಹೃದಯ, ಮೂತ್ರಕೋಶ ಸಹಜವಾಗಿಯೇ ಹೊಳೆಯುತ್ತವೆ. ಕ್ಷಯವೂ ಹೊಳೆಯುತ್ತದೆ. ಕ್ಷಯ ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಎದೆಯ ಗ್ರಂಥಿ ಹೊಳೆಯಿತೆಂದು ಕ್ಯಾನ್ಸರ್ ಹರಡಿದೆ ಎಂದು ತೀರ್ಮಾನಿಸುವುದು ಅಪಾಯ. ಹಾಗಾದರೆ ಪೆಟ್ ಯಾವಾಗ? ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಮಾಡುವ ಮುನ್ನ, ಚಿಕಿತ್ಸೆ ಮುಗಿದ ಮೇಲೆ ಏನಾದರೂ ಉಳಿದಿದೆಯೇ ಎಂದು ನೋಡಲು. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ಕೀಮೊ ಮತ್ತು ರೇಡಿಯೇಶನ್ ಮುಗಿದು 12 ವಾರಕ್ಕೆ ಪೆಟ್-ಸಿಟಿ ತೆಗೆದು, ಅದರಲ್ಲಿ ಕಂಡದ್ದರ ಮೇಲೆ ಕುತ್ತಿಗೆಯ ಆಪರೇಷನ್ ತೀರ್ಮಾನಿಸಿದರೆ, ಎಲ್ಲರಿಗೂ ಆಪರೇಷನ್ ಮಾಡಿದಷ್ಟೇ ಜನ ಬದುಕುತ್ತಾರೆ ಎಂದು ಬ್ರಿಟನ್‌ನ 564 ರೋಗಿಗಳ ಅಧ್ಯಯನ 2016ರಲ್ಲಿ ತೋರಿಸಿತು. ಎಷ್ಟೋ ಜನರ ಕುತ್ತಿಗೆ ಕತ್ತರಿಯಿಂದ ಉಳಿಯಿತು. 12 ವಾರಕ್ಕೆ ಮೊದಲೇ ಅವಸರ ಮಾಡಿದರೆ ರೇಡಿಯೇಶನ್‌ನಿಂದಾದ ಉರಿಯೂತವೇ ಹೊಳೆದು ದಾರಿ ತಪ್ಪಿಸುತ್ತದೆ.

ಕೊನೆಯ ಮಾತು ಬಯಾಪ್ಸಿಯದು

ಯಾವ ಚಿತ್ರವೂ ಸಾಮಾನ್ಯವಾಗಿ ಕ್ಯಾನ್ಸರನ್ನು ದೃಢಪಡಿಸುವುದಿಲ್ಲ. ತುಣುಕು ತೆಗೆದು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಸಿರೋಸಿಸ್ ಇರುವವರ ಪಿತ್ತಜನಕಾಂಗದ ಕ್ಯಾನ್ಸರ್ ಒಂದು ಅಪವಾದ, ಅದನ್ನು ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐಯ ಲಕ್ಷಣಗಳಿಂದಲೇ ಹೇಳಬಹುದು. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಊರೂರಲ್ಲಿದೆ. ಇದರಿಂದಾಗಿ ತಿಂಗಳುಗಟ್ಟಲೆ ಹಸಿರೌಷಧಿ ಹುಡುಕುತ್ತ ಅಲೆದು, ಗುಣವಾಗಬಹುದಾಗಿದ್ದ ಗಂಟನ್ನು ಕೈಮೀರಿಸಿಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡಿಕೊಂಡು ತಜ್ಞರು ಹಾಕುವ ಸೂಜಿಯಿಂದ ಹರಡುವ ಸಾಧ್ಯತೆ ಬಹಳ ಅಪರೂಪ. ತಡಮಾಡುವುದರಿಂದ ಹರಡುವುದು ಅಪರೂಪವಲ್ಲ.

ವಿಕಿರಣ ಎಷ್ಟು, ಭಯ ಎಷ್ಟು

ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕ ವಿಕಿರಣ ತಗಲುತ್ತದೆ. ಎದೆಯ ಎಕ್ಸ್‌ರೇಗೆ ಸುಮಾರು 0.1 ಅಥವಾ ಅದಕ್ಕೂ ಕಡಿಮೆ, ಮ್ಯಾಮೊಗ್ರಾಂಗೆ ಸುಮಾರು 0.4, ಎದೆಯ ಸಿಟಿಗೆ 6ರ ಆಸುಪಾಸು, ಹೊಟ್ಟೆಯ ಸಿಟಿಗೆ 8ರಿಂದ 10. ಕೇರಳದ ಕರುನಾಗಪ್ಪಳ್ಳಿಯ ಕಡಲತೀರದ ಮೊನಜೈಟ್ ಮರಳಿನಲ್ಲಿ ಸಹಜ ವಿಕಿರಣ ಬಹಳ ಹೆಚ್ಚು. ಅಲ್ಲಿನ ಜನರಲ್ಲಿ ಅದರಿಂದ ಕ್ಯಾನ್ಸರ್ ಹೆಚ್ಚಿಲ್ಲ ಎಂದು 2009ರ ಅಧ್ಯಯನ ಹೇಳಿತು. ಹಾಗೆಂದು ಬೇಕಾಬಿಟ್ಟಿ ಸಿಟಿ ಮಾಡಿಸಬಹುದೆಂದಲ್ಲ, ಅದರಲ್ಲೂ ಮಕ್ಕಳಿಗೆ. ಕ್ಯಾನ್ಸರ್ ಸಂಶಯವಿದ್ದಾಗ ವಿಕಿರಣಕ್ಕೆ ಹೆದರಿ ಸ್ಕ್ಯಾನ್ ಬಿಡುವುದೂ ತಪ್ಪು, ಏನೂ ತೊಂದರೆಯಿಲ್ಲದವರು ಮಕ್ಕಳು ದುಬೈಯಿಂದ ದುಡ್ಡು ಕಳಿಸಿದರೆಂದು “ಫುಲ್ ಬಾಡಿ ಪ್ಯಾಕೇಜ್” ಮಾಡಿಸುವುದೂ ತಪ್ಪು. ಅಂಥ ಪ್ಯಾಕೇಜಿನಲ್ಲಿ ನಿರಪಾಯದ ನೂರೆಂಟು ಚುಕ್ಕೆ ಕಂಡು, ಅದರ ಬೆನ್ನು ಹತ್ತಿ ಮತ್ತೆ ಸ್ಕ್ಯಾನು, ಮತ್ತೆ ಸೂಜಿ, ಮತ್ತೆ ನಿದ್ದೆಗೇಡು.

ಮಣಿಪಾಲದ ಇನ್ನೊಂದು ಬೆಳಕು

ಸ್ಕ್ಯಾನ್ ಸಾಲಿಗೆ ಸೇರದಿದ್ದರೂ ಇದನ್ನು ಬಿಡಲು ಮನಸ್ಸಿಲ್ಲ. 1928ರಲ್ಲಿ ಸಿ.ವಿ. ರಾಮನ್ ಕಂಡ ಬೆಳಕಿನ ಚದುರುವಿಕೆಯನ್ನೇ ಕ್ಯಾನ್ಸರ್ ಪತ್ತೆಗೆ ಬಳಸುವ ಸಂಶೋಧನೆ ಮಣಿಪಾಲದಲ್ಲಿ ವಿ.ಬಿ. ಕರ್ತಾ ಮತ್ತು ಸಂಗಡಿಗರಿಂದ ನಡೆಯಿತು. ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ವಿಶ್ಲೇಷಿಸಿ ಬಾಯಿಯ ಅಂಗಾಂಶ ಸಹಜವೋ, ಉರಿಯೂತದ್ದೋ, ಕ್ಯಾನ್ಸರಿಗೆ ಮುಂಚಿನದೋ, ಕ್ಯಾನ್ಸರೇ ಹೌದೋ ಎಂದು ಬೇರ್ಪಡಿಸಬಹುದೆಂದು 2006ರಲ್ಲಿ ಪ್ರಕಟವಾದ ಪ್ರಬಂಧ ತೋರಿಸಿತು. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲವಾದರೂ ಎಲೆ ಅಡಿಕೆಯ ಊರಲ್ಲಿ ಇಂಥ ಕೆಲಸ ಹುಟ್ಟಿದ್ದು ಸಹಜವೇ.

ಹೊರಡುವ ಮುನ್ನ

ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಕಾರ್ಕಳದಲ್ಲಿ ಸರಕಾರಿ ತಾಲೂಕು ಆಸ್ಪತ್ರೆಯೂ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯೂ ಇವೆ. ಮೊದಲ ಪರೀಕ್ಷೆ ಹತ್ತಿರದಲ್ಲೇ ಆಗಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30, ಗರಿಷ್ಠ 1.5 ಲಕ್ಷ. ದೊಡ್ಡ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಿ ಪಡೆಯಿರಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಯಾವ ಸ್ಕ್ಯಾನ್ ಯೋಜನೆಯಡಿ ಸೇರುತ್ತದೆ, ಯಾವುದು ಕೈಯಿಂದ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ.

ಕೊನೆಗೆ, ಬಹಳ ಜನ ಮರೆಯುವ ಒಂದು ವಿಷಯ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ರೇಡಿಯಾಲಜಿಸ್ಟ್ ಹೇಳುವುದು ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ಅಳೆದು. ಗೆಡ್ಡೆಗಳ ಅಳತೆಯ ಮೊತ್ತ ಶೇ. 30 ಇಳಿದರೆ ಫಲಿಸಿದೆ ಎಂದು ಲೆಕ್ಕ. ಹಳೆಯದು ಇಲ್ಲದಿದ್ದರೆ ಈ ಅಳತೆಯೇ ಇಲ್ಲ. ವರದಿಯ ಕಾಗದ ಸಾಲದು, ಸಿಡಿ ಅಥವಾ ಫಿಲ್ಮ್ ಬೇಕು. ಪ್ರತಿ ಸ್ಕ್ಯಾನ್ ಆದ ಮೇಲೆ ಸಿಡಿ ಕೇಳಿ ತೆಗೆದುಕೊಳ್ಳಿ, ಮೇಲೆ ತಾರೀಕು ಬರೆಯಿರಿ, ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟದಂತೆ ಒಣ ಜಾಗದಲ್ಲಿಡಿ, ಮುಂದಿನ ಸಲ ಬರುವಾಗ ಎಲ್ಲವನ್ನೂ ತನ್ನಿ.